ಹರಳಿನ ನೀರು

ಶಿಷ್ಯ ಪಂಪಣ್ಣ ಕೇಳಿದ: "ಗುರುಗಳೇ, ಲೋಕ ಇಷ್ಟು ದೊಡ್ಡದು. ನಾನೊಬ್ಬ ನನ್ನ ಮೂಲೆಯಲ್ಲಿ ಕೂತು ಒಂದು ನಿಜವನ್ನು ಮುಚ್ಚಿಟ್ಟುಕೊಂಡರೆ ಅದರಿಂದ ಯಾರಿಗೆ ಏನಾಗುತ್ತದೆ?"

ಯಾವ ನಿಜ ಎಂದು ಗುರುಗಳು ಕೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿತ್ತು. ಮೇಲೆ ದೊಡ್ಡ ಕೆರೆ, ಕೆಳಗೆ ಹೊಳೆ, ನಡುವೆ ಮನೆಗಳು. ಆ ಊರಿನ ನೇಕಾರರ ಕೇರಿಯಲ್ಲಿ ಒಬ್ಬ ಹೆಂಗಸು ತನ್ನ ತಂದೆಯೊಂದಿಗೆ ಇದ್ದಳು. ತಂದೆಗೆ ಕಣ್ಣು ಕಾಣುತ್ತಿರಲಿಲ್ಲ. ಆದರೂ ನೇಯುತ್ತಿದ್ದ. ಅವರದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ, ಅವನ ಕೈಗೆ ಲಾಳಿ ತಾನಾಗಿ ಸಿಗುತ್ತಿತ್ತು. ಬಾಗಿಲು ಎಲ್ಲಿದೆ, ಕಂಬ ಎಲ್ಲಿದೆ, ನೀರಿನ ಬಿಂದಿಗೆ ಎಲ್ಲಿದೆ, ಎಲ್ಲವೂ ಅವನ ಅಂಗೈಗೆ ಗೊತ್ತಿತ್ತು. ಆ ಮನೆಯ ಹೊಸ್ತಿಲು ದಾಟಿದರೆ ಅವನು ಕುರುಡ. ಮನೆಯೊಳಗೆ ಅವನು ಕುರುಡನಲ್ಲ. ಇದನ್ನು ಮಗಳು ಬಲ್ಲಳು.

ಒಂದು ಬೇಸಿಗೆಯಲ್ಲಿ ಕೆರೆಯ ಏರಿ ಒಳಗೊಳಗೇ ಕುಸಿಯುತ್ತಿದೆ ಎಂದು ಊರಿಗೆ ತಿಳಿಯಿತು. ಅದನ್ನು ಭದ್ರಪಡಿಸಲು ಒಂದು ಬೇಸಿಗೆ ಸಾಲದು. ಮಳೆ ಬಂದು ಕೆರೆ ತುಂಬಿದರೆ ಏರಿ ಒಡೆಯುತ್ತದೆ. ಏರಿ ಒಡೆದರೆ ಊರಿಲ್ಲ. ಅದಕ್ಕೆ ಮೊದಲೇ ಹೊಸ ಕೋಡಿ ಕಡಿದು, ಹೆಚ್ಚಿನ ನೀರನ್ನು ಹೊಳೆಗೆ ಇಳಿಸಬೇಕು. ಕೋಡಿಯನ್ನು ಬಡಗಣ ಕಡೆ ಕಡಿಯಬಹುದು, ಇಲ್ಲವೇ ತೆಂಕಣ ಕಡೆ ಕಡಿಯಬಹುದು. ಯಾವ ಕಡೆ ಕಡಿದರೂ ನೀರು ಊರಿನ ನಡುವೆಯೇ ಇಳಿಯಬೇಕು. ಅದು ಯಾರ ಮನೆಗೆ ನುಗ್ಗುತ್ತದೆ, ಯಾರನ್ನು ಬಿಡುತ್ತದೆ ಎಂದು ಹೇಳಬಲ್ಲವರು ಇರಲಿಲ್ಲ. ಒಂದು ಸಲ ಬಿಟ್ಟು ನೋಡೋಣ ಎನ್ನಲು ಬರುವುದಿಲ್ಲ. ಬಿಟ್ಟ ನೀರು ಹಿಂದಕ್ಕೆ ಬಾ ಎಂದರೆ ಬರುವುದಿಲ್ಲ.

ಆ ಊರಿನಲ್ಲಿ ಗಣಿತ ಬಲ್ಲ ಒಬ್ಬ ಮುದುಕಿ ಇದ್ದಳು. ಊರವರು ಅವಳನ್ನು ಲೆಕ್ಕದಮ್ಮ ಎನ್ನುತ್ತಿದ್ದರು. ಅವಳು ಹೇಳಿದಳು: "ನೀರನ್ನು ಆಮೇಲೆ ಬಿಡೋಣ. ಮೊದಲು ಲೆಕ್ಕವನ್ನು ಹರಿಯಬಿಡೋಣ."

ಬೇಸಿಗೆಯ ಹೊಳೆ ಒಂದು ಬದಿಗೆ ಸರಿದು ಸಣ್ಣಗೆ ಹರಿಯುತ್ತಿತ್ತು. ಉಳಿದದ್ದೆಲ್ಲ ಮರಳು. ಆ ಮರಳಿನ ಮೇಲೆ ಲೆಕ್ಕದಮ್ಮ ಊರನ್ನು ಬರೆಸಿದಳು. ಗೆರೆ ಎಳೆಸಿ ಚೌಕಗಳನ್ನಾಗಿ ಮಾಡಿಸಿದಳು. ಊರಿನ ನೆಲ ಎಲ್ಲಿ ಎತ್ತರವೋ ಅಲ್ಲಿ ಮಣ್ಣು ತುಂಬಿಸಿದಳು, ಎಲ್ಲಿ ತಗ್ಗೋ ಅಲ್ಲಿ ತೆಗೆಸಿದಳು. ಪ್ರತಿ ಮನೆಯಿಂದ ಒಬ್ಬರು ಬಂದು ತಮ್ಮ ತಮ್ಮ ಮನೆಯ ಚೌಕದಲ್ಲಿ ಕೂತರು. ಹೊಳೆಯ ಹರಳುಗಳನ್ನು ಬುಟ್ಟಿ ಬುಟ್ಟಿ ತಂದು ಕೆರೆಯ ಜಾಗದಲ್ಲಿ ರಾಶಿ ಹಾಕಿದರು.

"ಈ ಹರಳೇ ನೀರು" ಎಂದಳು ಲೆಕ್ಕದಮ್ಮ. "ನಾನು ಕೋಡಿಯಿಂದ ಬಿಡುತ್ತೇನೆ. ತಮಟೆ ಬಡಿದಾಗಲೆಲ್ಲ ನಿಮ್ಮ ನಾಲ್ಕು ಕಡೆಯ ನೆರೆಯವರನ್ನು ನೋಡಿ. ನಿಮ್ಮ ಗುಡ್ಡೆಗಿಂತ ಅವರದು ತಗ್ಗಿದ್ದರೆ ಸ್ವಲ್ಪ ಅತ್ತ ಸರಿಸಿ. ಸಮವಿದ್ದರೆ ಸುಮ್ಮನಿರಿ. ಇಡೀ ಹೊಳೆಯನ್ನು ಯಾರೂ ಅರಿಯಬೇಕಿಲ್ಲ. ಪಕ್ಕದವರನ್ನು ಅರಿತರೆ ಸಾಕು."

ಮೊದಲಿಗೆ ಜನ ಆತುರಪಟ್ಟರು. ತಮಟೆಯವನು ಬೇಗ ಬೇಗ ಬಡಿದ, ಕೂತವರು ಬೊಗಸೆ ಬೊಗಸೆ ದೂಡಿದರು. ಪಕ್ಕದವನಿಗೆ ದೂಡಿದ್ದು ಮರುಬಡಿತಕ್ಕೆ ಅದರ ಎರಡರಷ್ಟಾಗಿ ತಿರುಗಿ ಬಂತು. ಸ್ವಲ್ಪ ಹೊತ್ತಿಗೆ ಹರಳೆಲ್ಲ ಹೋಗಿ ದಿಬ್ಬದ ಮೇಲೆ ಗುಡ್ಡೆಯಾಗಿ ಕೂತವು, ತಗ್ಗಿನ ಕೇರಿಗಳು ಬೋಳಾಗಿ ಉಳಿದವು. ನೀರು ಬೆಟ್ಟ ಹತ್ತಿತು ಎಂದು ಊರೆಲ್ಲ ನಕ್ಕಿತು. ಲೆಕ್ಕದಮ್ಮನೂ ನಕ್ಕಳು. "ನೆರೆಯವರ ಸುದ್ದಿ ನಿಮಗೆ ಮುಟ್ಟುವ ಮೊದಲೇ ಓಡಿದಿರಿ. ಅದಕ್ಕೇ ಲೆಕ್ಕಕ್ಕೆ ಹುಚ್ಚು ಹಿಡಿಯಿತು. ನಿಧಾನವಾಗಿ ಬಡಿಯಪ್ಪ" ಎಂದಳು.

ಎರಡನೆಯ ಸಲ ನಿಧಾನವಾಗಿ ನಡೆಯಿತು. ಬಡಗಣ ಕೋಡಿಯಿಂದ ಬಿಟ್ಟ ಹರಳು ಪೇಟೆಯ ಇಕ್ಕಟ್ಟಿಗೆ ಹೊಕ್ಕಿತು. ಹೊಕ್ಕದ್ದು ಹೊರಬರಲಿಲ್ಲ. ಅಂಗಡಿಯವರ ಚೌಕಗಳಲ್ಲಿ ಏರಿತು, ಕಣಜದವನ ಚೌಕದಲ್ಲಿ ಏರಿತು, ಛತ್ರದ ಚೌಕದಲ್ಲಿ ಕೂತಿದ್ದ ಮುದುಕನ ಎದೆಮಟ್ಟಕ್ಕೆ ಬಂತು. ಅವನು ಹರಳಿನ ನಡುವೆ ಕೂತು, ನಿಜವಾಗಿಯೂ ಉಸಿರು ಕಟ್ಟಿದವನಂತೆ ಬಾಯಿ ತೆರೆದ. ಜನರ ನಗು ನಿಂತಿತು. ಬಡಗಣ ಕೋಡಿ ಬೇಡ ಎಂದಾಯಿತು.

ತೆಂಕಣ ಕೋಡಿಯ ಸರದಿ ಬಂತು.

ನೇಕಾರ ಹೆಂಗಸು ತನ್ನ ಮನೆಯ ಚೌಕದಲ್ಲಿ ಕೂತಿದ್ದಳು. ಅವಳ ಮೇಲುಗಡೆ ಒಬ್ಬ ಕಂಚುಗಾರ ಕೂತಿದ್ದ. ಅವನದು ಅವಳ ನೆರೆಮನೆ. ತಮಟೆ ಬಡಿಯುತ್ತಲೇ ಇತ್ತು, ಹರಳು ಸರಿಯುತ್ತಲೇ ಇತ್ತು. ಮರಳಿನ ಮೇಲೆ ಬಿಸಿಲು ನಡುಗುತ್ತಿತ್ತು. ಮಾತಿಲ್ಲ. ಸಾವಿರ ಕೈ ಒಟ್ಟಿಗೆ ಬಾಗಿ, ಒಟ್ಟಿಗೆ ಸರಿಸಿ, ಒಟ್ಟಿಗೆ ಹಿಂದೆ ಬರುತ್ತಿದ್ದವು. ನೋಡುತ್ತ ನೋಡುತ್ತ ಅವಳಿಗೆ ಅವು ಕೈಗಳೆಂಬುದು ಮರೆತುಹೋಯಿತು. ದೂರದಲ್ಲಿ ಒಂದು ಅಲೆ ಏಳುವುದು ಕಂಡಿತು. ಅದನ್ನು ಯಾರೂ ಎಬ್ಬಿಸಿರಲಿಲ್ಲ. ಒಬ್ಬೊಬ್ಬರೂ ಪಕ್ಕದವರನ್ನು ನೋಡಿ ನಾಲ್ಕು ಹರಳು ಸರಿಸಿದ್ದರು, ಅಷ್ಟೇ. ಆದರೂ ಅಲೆ ಎದ್ದಿತ್ತು. ಅದು ಮೂಲೆಗಳಲ್ಲಿ ಸುಳಿ ಸುತ್ತಿ, ದಿಬ್ಬಗಳನ್ನು ಬಳಸಿ, ಕೇರಿಯಿಂದ ಕೇರಿಗೆ ಇಳಿದು ತನ್ನ ಕಡೆಗೇ ಬರುತ್ತಿತ್ತು. ಒಣ ಮರಳಿನ ಮೇಲೆ ಕೂತ ಅವಳಿಗೆ ನೀರಿನ ಸಪ್ಪಳ ಕೇಳಿಸಿತು. ಕಾಲಿಗೆ ತಣ್ಣಗೆ ತಾಗಿದಂತಾಯಿತು.

ಕಂಚುಗಾರ ಮೊದಲ ಹರಳುಗಳನ್ನು ಅವಳ ಕಡೆ ಸರಿಸಿದ.

ಅವಳು ಅವನ್ನು ನೋಡಿದಳು. ಅವು ಅವಳ ಹೊಸ್ತಿಲ ಒಳಗಿದ್ದವು. ಮತ್ತೊಂದು ಬಡಿತಕ್ಕೆ ಇನ್ನಷ್ಟು ಬಂದವು. ಕಂಬದ ಬುಡ ಮುಚ್ಚಿತು. ಇನ್ನು ಕುಣಿ ಎಂದು ಅವಳ ಮನಸ್ಸು ಹೇಳಿತು. ಕುಣಿಯಲ್ಲಿ ಅಪ್ಪನ ಕಾಲುಗಳಿವೆ.

ಅವಳು ಏನನ್ನೂ ಯೋಚಿಸಲಿಲ್ಲ. ಸೆರಗು ಹರಡಿ ಆ ಹರಳುಗಳನ್ನು ಮಡಿಲಿಗೆ ಎಳೆದುಕೊಂಡಳು. ಚೌಕ ಖಾಲಿಯಾಯಿತು. ಅವಳ ಎದೆ ಹಗುರವಾಯಿತು.

ಮರುಬಡಿತಕ್ಕೆ ಕಂಚುಗಾರ ಇಣುಕಿದ. ಅವಳದು ಖಾಲಿ. ಅವನು ಇನ್ನೂ ಹೆಚ್ಚು ಸರಿಸಿದ. ಆಚೆ ಕಡೆಯವರೂ ಇಣುಕಿದರು, ಸರಿಸಿದರು. ಅವಳು ಅದನ್ನೂ ಮಡಿಲಿಗೆ ತೆಗೆದುಕೊಂಡಳು. ತೆಗೆದಷ್ಟೂ ಬಂತು. ಎಲ್ಲರ ಕಣ್ಣೂ ಅವರವರ ಗುಡ್ಡೆಯ ಮೇಲಿತ್ತು, ಅವಳ ಮಡಿಲನ್ನು ಯಾರೂ ನೋಡಲಿಲ್ಲ. ಕಂಚುಗಾರನ ಮುಂದೆ ಒಂದು ಹರಳೂ ನಿಲ್ಲಲಿಲ್ಲ. ಅವನು ಸಂತೋಷದಿಂದ, "ನಿನ್ನ ಕಡೆ ಇಳಿಜಾರು ಚೆನ್ನಾಗಿದೆ, ಅಕ್ಕಾ" ಎಂದ. ಅವಳು ತಲೆಯಾಡಿಸಿದಳು.

ತಮಟೆ ನಿಂತಿತು. ಜನ ಎದ್ದು ನೋಡಿದರು. ತೆಂಕಣ ಕೋಡಿಯಿಂದ ಬಿಟ್ಟ ನೀರು ಯಾರ ಮನೆಯಲ್ಲೂ ನಿಂತಿರಲಿಲ್ಲ. ನೇಕಾರರ ಕೇರಿ ಒಣಗಿತ್ತು, ಕಂಚುಗಾರರ ಕೇರಿ ಒಣಗಿತ್ತು. ಹಿರಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ತೆಂಕಣ ಕೋಡಿಯೇ ಆಗಲಿ, ಊಟ ಮುಗಿಸಿ ಬಂದು ಗುದ್ದಲಿ ಹಿಡಿಯೋಣ, ಯಾರೂ ಮನೆ ಬಿಡಬೇಕಿಲ್ಲ ಎಂದರು. ಲೆಕ್ಕದಮ್ಮ ಮಾತ್ರ, ಹೊಳೆಗೆ ಇಳಿದ ಹರಳನ್ನು ತುಂಬಿಟ್ಟ ಬುಟ್ಟಿಗಳ ಬಳಿ ನಿಂತಿದ್ದಳು.

"ಲೆಕ್ಕ ಮುಗಿದಿಲ್ಲ" ಎಂದಳು. "ಬಿಟ್ಟಷ್ಟು ಹೊಳೆಗೆ ಬಂದಿಲ್ಲ. ಊರಲ್ಲೂ ನಿಂತಿಲ್ಲ."

"ನಾಲ್ಕು ಹರಳು ಮರಳಲ್ಲಿ ಹೂತು ಹೋಗಿರಬೇಕು ಬಿಡಮ್ಮ" ಎಂದರು ಹಿರಿಯರು.

"ನೀರು ಹಾಗೆ ಹೋಗುವುದಿಲ್ಲ. ನೀವು ಊಟ ಮಾಡಿ ಬನ್ನಿ, ನಾನು ಇಲ್ಲೇ ಇರುತ್ತೇನೆ."

ಎಲ್ಲರೂ ಹೊರಟಮೇಲೆ ನೇಕಾರ ಹೆಂಗಸು ಎದ್ದಳು. ಮಡಿಲು ಭಾರವಾಗಿತ್ತು. ಸೆರಗನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಬಸುರಿಯ ಹಾಗೆ ನಡೆಯುತ್ತ ಮನೆಗೆ ಬಂದಳು. ತಂದೆ ಕುಣಿಯಲ್ಲಿ ಕೂತು ನೇಯುತ್ತಿದ್ದ. ಅವಳ ಹೆಜ್ಜೆಯ ಜೊತೆಗೆ ಇನ್ನೊಂದು ಸಪ್ಪಳ ಕೇಳಿ ಲಾಳಿ ನಿಲ್ಲಿಸಿದ.

"ಮಡಿಲಲ್ಲಿ ಏನು, ತಾಯಿ?"

ಅವಳು ಕುಣಿಯ ಅಂಚಿಗೆ ಬಂದು ನಿಂತಳು. ಆಮೇಲೆ ಹೇಳಿದಳು: "ನೀರು, ಅಪ್ಪ."

ಅವನು ಕೈ ಚಾಚಿದ. ಅವಳು ಒಂದು ಹಿಡಿ ಕೊಟ್ಟಳು. ಅವನು ಹರಳುಗಳನ್ನು ಬೆರಳಲ್ಲಿ ಉರುಳಿಸಿ ನೋಡಿ, ತನ್ನ ಕಾಲಿನ ಬಳಿಗೆ, ಕುಣಿಯೊಳಗೆ ಬಿಟ್ಟ. ಮತ್ತೆ ಕೈ ಚಾಚಿದ. ಅವಳು ಮತ್ತೆ ಕೊಟ್ಟಳು. ಹಾಗೆ ಕೊಡುತ್ತ ಹೋದಳು, ಅವನು ಬಿಡುತ್ತ ಹೋದ. ಹರಳು ಅವನ ಹಿಮ್ಮಡಿ ಮುಚ್ಚಿತು, ಮೀನಖಂಡಕ್ಕೆ ಬಂತು, ಮೊಣಕಾಲು ಮುಟ್ಟಿತು. ಮಡಿಲು ಖಾಲಿಯಾದಾಗ ಕುಣಿ ತುಂಬಿತ್ತು. ಹೊಳೆಯ ತಂಪು ಆ ಹರಳುಗಳಲ್ಲಿ ಇನ್ನೂ ಉಳಿದಿತ್ತು. ಮುದುಕ ಸ್ವಲ್ಪ ಹೊತ್ತು ಕಾಲು ಆಡಿಸದೆ ಕೂತಿದ್ದ, ನಿಜವಾದ ನೀರಿನಲ್ಲಿ ಕೂತವನಂತೆ.

"ಎಲ್ಲಿಂದ ಬಂತು?" ಎಂದು ಕೇಳಿದ.

"ಕಂಚುಗಾರರ ಕಡೆಯಿಂದ."

"ಅವರ ಮನೆಗೂ ಬರುತ್ತದಾ?"

"ಬರುತ್ತದೆ. ನಮ್ಮಲ್ಲಿ ತುಂಬಿದರೆ ಅವರಲ್ಲೂ ತುಂಬುತ್ತದೆ."

"ಅದು ಅವರಿಗೆ ಗೊತ್ತಾ?"

ಅವಳು ಗೋಡೆಯ ಕಡೆ ತಿರುಗಿದಳು. ನೆರೆಮನೆಯಲ್ಲಿ ಕಂಚುಗಾರನ ಹೆಂಡತಿ ಮಕ್ಕಳಿಗೆ ಊಟ ಹಾಕುತ್ತಿದ್ದಳು. ತಟ್ಟೆಗಳ ಸದ್ದು, ಮಕ್ಕಳ ಮಾತು ಗೋಡೆ ದಾಟಿ ಬರುತ್ತಿತ್ತು. ಯಾರೂ ಮನೆ ಬಿಡಬೇಕಿಲ್ಲ ಎಂದು ಹಿರಿಯರು ಹೇಳಿದ್ದು ಅವಳ ನೆನಪಿಗೆ ಬಂತು. ಆ ಮಾತು ಬಂದದ್ದು ತನ್ನ ಮಡಿಲಿನಿಂದ ಎಂದು ಆಗ ಅವಳಿಗೆ ಅರಿವಾಯಿತು. ತಾನು ಬಚ್ಚಿಟ್ಟದ್ದು ಹರಳನ್ನು. ನೀರು ಅಲ್ಲೇ ಇದೆ, ಕೆರೆಯಲ್ಲಿ, ಒಂದು ಹನಿಯೂ ಕಡಿಮೆಯಾಗದೆ. ಅದು ಬರುವ ದಿನ ಕಂಚುಗಾರನ ಮನೆಯವರು ಹೀಗೇ ಊಟಕ್ಕೆ ಕೂತಿರುತ್ತಾರೆ.

ಅವಳು ಕುಣಿಯ ಬಳಿ ಮೊಣಕಾಲೂರಿದಳು. ಹರಳುಗಳನ್ನು ಮತ್ತೆ ಸೆರಗಿಗೆ ತುಂಬಿಕೊಳ್ಳತೊಡಗಿದಳು. ತಂದೆ ಬಗ್ಗಿ, ಮೂಲೆಯಲ್ಲಿ ಉಳಿದಿದ್ದನ್ನೂ ತಡಕಿ ತೆಗೆದುಕೊಟ್ಟ.

ಲೆಕ್ಕದಮ್ಮ ಬಿಸಿಲಿನಲ್ಲಿ ಒಬ್ಬಳೇ ಕೂತಿದ್ದಳು. ಹೆಂಗಸು ಬಂದು ತನ್ನ ಚೌಕದಲ್ಲಿ ಮಡಿಲು ಬಿಚ್ಚಿದಳು. ಹರಳು ಗುಡ್ಡೆಯಾಗಿ ಬಿತ್ತು. ಮುದುಕಿ ಅದನ್ನು ನೋಡಿದಳು, ಅವಳ ಮುಖ ನೋಡಿದಳು. ತನ್ನ ಚೊಂಬಿನ ನೀರನ್ನು ಅವಳಿಗೆ ಕುಡಿಯಲು ಕೊಟ್ಟಳು.

ಜನ ತಿರುಗಿ ಬಂದರು. ಹೆಂಗಸು ಎದ್ದು ನಿಂತು, ತಾನು ಮಾಡಿದ್ದನ್ನು ಎಲ್ಲರಿಗೂ ಹೇಳಿದಳು. ಏನನ್ನೂ ಬಿಡದೆ ಪೂರ್ತಿ ಹೇಳಿದಳು. ಕೆಲವರು ಗೊಣಗಿದರು. ಕಂಚುಗಾರ ಅವಳನ್ನೇ ನೋಡುತ್ತಿದ್ದ. ಇಳಿಜಾರು ಚೆನ್ನಾಗಿದೆ ಎಂದು ತಾನು ಹೇಳಿದ್ದು ಅವನಿಗೆ ನೆನಪಾಗಿರಬೇಕು. ಅವನು ತಲೆ ತಗ್ಗಿಸಿದ.

ಹರಳನ್ನೆಲ್ಲ ಕೆರೆಯ ಜಾಗದಲ್ಲಿ ತಿರುಗಿ ರಾಶಿ ಹಾಕಿದರು, ತಮಟೆ ಮತ್ತೆ ಬಡಿಯಿತು. ಈ ಸಲ ಅವಳು ಏನನ್ನೂ ಮುಟ್ಟಲಿಲ್ಲ, ಬಂದದ್ದನ್ನು ಬರಲು ಬಿಟ್ಟಳು. ಹರಳು ಅವಳ ಹೊಸ್ತಿಲು ದಾಟಿ ಕಂಬ ದಾಟಿ ಏರಿತು. ಅವಳಲ್ಲಿ ತುಂಬಿದ ಮೇಲೆ ಕಂಚುಗಾರನ ಕಡೆಗೆ ತಿರುಗಿತು. ಅವನಲ್ಲಿ ತುಂಬಿ ಅವನ ಆಚೆಯವರಿಗೆ ಹೋಯಿತು. ಎರಡು ಕೇರಿಗಳು ಮುಳುಗಿದವು. ತಮಟೆ ನಿಂತಾಗ ಜನ ತಮ್ಮ ತಮ್ಮ ಚೌಕಗಳಲ್ಲಿ ಹರಳಿನಲ್ಲಿ ಹೂತು ಕೂತಿದ್ದರು. ಬಡಗಣಕ್ಕೆ ಬಿಟ್ಟರೆ ಪೇಟೆ ಇಲ್ಲ, ತೆಂಕಣಕ್ಕೆ ಬಿಟ್ಟರೆ ಕೇರಿಗಳಿಲ್ಲ, ಬಿಡದಿದ್ದರೆ ಊರೇ ಇಲ್ಲ.

ಹೆಂಗಸು ತನ್ನ ಮುಂದಿನ ಗುಡ್ಡೆಯನ್ನು ನೋಡುತ್ತಿದ್ದಳು. ಬೆಳಿಗ್ಗೆ ಇದೇ ಚೌಕ ಖಾಲಿಯಿತ್ತು. ಆಗ ಎಲ್ಲರ ಚೌಕವೂ ಒಣಗಿತ್ತು. ಅವಳು ಇದನ್ನು ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡಳು. ಆಮೇಲೆ ಬಾಯಿಬಿಟ್ಟು ಹೇಳಿದಳು:

"ಬೆಳಿಗ್ಗೆ ನಿಮ್ಮ ಮನೆಗಳು ಉಳಿದವು. ನನ್ನಲ್ಲಿ ನೀರು ನಿಲ್ಲಲಿಲ್ಲ, ಅದಕ್ಕೇ ಉಳಿದವು. ನನ್ನ ಮನೆಯ ಜಾಗದಲ್ಲಿ ಹೊಳೆಯವರೆಗೆ ಕಾಲುವೆ ತೋಡಿದರೆ ಅಲ್ಲಿ ನೀರು ನಿಲ್ಲುವುದಿಲ್ಲ. ಅಲ್ವೇನಮ್ಮ?"

ಲೆಕ್ಕದಮ್ಮ ಹೌದು ಎಂದಳು. ಹೆಂಗಸು ಮಡಿಲು ಬಿಚ್ಚಿದಾಗಲೇ ಅವಳಿಗೆ ಇದು ಹೊಳೆದಿತ್ತು. ಆದರೆ ಒಬ್ಬರ ಮನೆಯನ್ನು ಕೇಳುವುದು ಲೆಕ್ಕದ ಕೆಲಸವಲ್ಲ ಎಂದು ಸುಮ್ಮನಿದ್ದಳು.

ಊರವರು ಗುದ್ದಲಿ ಹಿಡಿದು ಅವಳ ಹಿಂದೆ ನಡೆದರು. ಬಾಗಿಲ ಬಳಿ ಎಲ್ಲರೂ ನಿಂತರು, ಒಬ್ಬರೂ ಒಳಗೆ ಹೋಗಲಿಲ್ಲ. ಅಷ್ಟು ಜನರ ಹೆಜ್ಜೆಯನ್ನು ಕೇಳಿ ಮುದುಕ ಮಗ್ಗದಿಂದ ಬಟ್ಟೆ ಬಿಡಿಸತೊಡಗಿದ. ಬಿಡಿಸಿ ಸುತ್ತಿ ಪಕ್ಕಕ್ಕಿಟ್ಟ.

"ಕಾಲುವೆ ಎಲ್ಲಿಂದ ಹೋಗುತ್ತದೆ, ತಾಯಿ?"

"ಈ ಕುಣಿಯಿಂದಲೇ, ಅಪ್ಪ."

"ಹಾಗಾದರೆ ಅರ್ಧ ತೋಡಿಯೇ ಇದೆ" ಎಂದ. ಎದ್ದು, ಕಂಬವನ್ನು ಒಮ್ಮೆ ಮುಟ್ಟಿ, ಹೊಸ್ತಿಲು ದಾಟಿದ. ಹೊರಗೆ ಬಂದವನು ದಿಕ್ಕು ತಿಳಿಯದೆ ನಿಂತ. ಕಂಚುಗಾರ ಬಂದು ಅವನ ಕೈ ಹಿಡಿದುಕೊಂಡ.

ಮನೆ ಕೆಡವಿದರು, ಕಾಲುವೆ ತೋಡಿದರು. ಮಳೆಗಾಲ ಬಂತು, ಕೆರೆ ತುಂಬಿತು. ತೆಂಕಣ ಕೋಡಿಯಿಂದ ನೆರೆ ಇಳಿಯಿತು. ಕೆಂಪಗೆ, ಸುಳಿ ಸುತ್ತುತ್ತ, ಕೇರಿಗಳ ಗೋಡೆಗಳನ್ನು ಸವರುತ್ತ, ಒಂದು ಮನೆಯಿದ್ದ ಜಾಗದಲ್ಲಿ ಹಾದು ಹೊಳೆ ಸೇರಿತು. ಊರವರು ಜಗಲಿಗಳ ಮೇಲೆ ನಿಂತು ನೋಡಿದರು. ಮರಳಿನ ಮೇಲೆ ತಮ್ಮ ಕೈಗಳಲ್ಲಿ ಎದ್ದ ಅದೇ ಅಲೆ, ಅವೇ ಮೂಲೆಗಳಲ್ಲಿ ಅದೇ ಸುಳಿ. ಹಿಂದೆ ಕಂಡ ಕನಸು ಹಗಲಿನಲ್ಲಿ ನಡೆದು ಹೋದಂತಿತ್ತು.

ಕಂಚುಗಾರ ತನ್ನ ಪಡಸಾಲೆಯ ನೆಲ ಅಗೆದು ಅಲ್ಲಿ ಮಗ್ಗದ ಕುಣಿ ತೋಡಿಸಿದ್ದ. ಬಾಗಿಲು ಎಡಕ್ಕೆ, ಕಂಬ ಬಲಕ್ಕೆ, ಬಿಂದಿಗೆ ಕೈಗೆ ಸಿಗುವಷ್ಟು ದೂರದಲ್ಲಿ. ಮುದುಕ ಮೊದಲ ಕೆಲವು ದಿನ ಗೋಡೆಗೆ ಹಣೆ ತಾಗಿಸಿಕೊಂಡ. ಆಮೇಲೆ ಅಂಗೈ ಆ ಮನೆಯನ್ನೂ ಕಲಿತುಕೊಂಡಿತು. ಒಂದೇ ಸೂರಿನ ಕೆಳಗೆ ಸುತ್ತಿಗೆಯ ಸದ್ದು, ಲಾಳಿಯ ಸದ್ದು. ಮಗಳು ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತ ಕೂತು ಎರಡನ್ನೂ ಕೇಳುತ್ತಿದ್ದಳು. ಕಿಟಕಿಯಾಚೆ, ತಾನು ಹುಟ್ಟಿ ಬೆಳೆದ ಜಾಗದಲ್ಲಿ, ನೀರು ಹರಿದು ಹೋಗುತ್ತಿತ್ತು. ಅವಳು ಕೆಲವು ಸಲ ಅತ್ತಳು. ಕಂಚುಗಾರನ ಹೆಂಡತಿ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು.

ಪಂಪಣ್ಣನಿಗೆ ಸಮಾಧಾನವಾಗಲಿಲ್ಲ. ಅವನು ಕೇಳಿದ: "ನಿಜ ಹೇಳಿದಳು, ಮನೆಯನ್ನು ನೆರೆಗೆ ಕೊಟ್ಟಳು. ಕೊನೆಗೆ ಅವಳಿಗೆ ಉಳಿದದ್ದೇನು, ಗುರುಗಳೇ?"

ಗುರುಗಳು ಹೇಳಿದರು: "ಉಳಿದದ್ದೂ ನೆರೆಯೇ."